ಕರಿಬೇವಿಲ್ಲದ ಸುಸಲಾ

ಇಂದು ಬೆಳಗಿನ ಸುಸಲಾದಲ್ಲಿ ಕರಿಬೇವಿನ ಎಲೆ ಇರಲಿಲ್ಲ. ಇದ್ದಿದ್ದರೂ ನಾನು ಅದನ್ನು ಚಮಚದ ತುದಿಯಿಂದ ತಟ್ಟೆಯ ಅಂಚಿಗೆ ಗಡೀಪಾರು ಮಾಡುತ್ತಿದ್ದವಳೇ. ಕಾನ್ವೆಂಟಿನ ಡೈನಿಂಗ್ ಹಾಲ್ ಕಲಿಸಿದ ಟೇಬಲ್ ಮ್ಯಾನರ್ಸ್ ಎಪ್ಪತ್ತು ದಾಟಿದರೂ ನನ್ನನ್ನು ಬಿಟ್ಟಿಲ್ಲ. ಆದರೂ ನೆನೆಸಿದ ಚುರುಮುರಿಯ ಆ ಹಳದಿ ಗುಡ್ಡದಲ್ಲಿ ಹಸಿರೆಂಬುದೇ ಇಲ್ಲದ್ದು ಕಂಡು ಮನಸ್ಸು ತುಸು ಮುನಿಯಿತು.

ಕಾರಣ ಒಂದು ಚಿಟ್ಟೆ. ಶಹಾಬಾದಿನ ನಮ್ಮ ಅಂಗಳವೆಲ್ಲ ಹಾಸುಗಲ್ಲು. ಎರಡು ಕಲ್ಲುಗಳ ಸಂದಿಯಲ್ಲಿ ನನ್ನ ನೆಗೆಣ್ಣಿ ಕಾಶಿಬಾಯಿ ಹುಳಿಮಜ್ಜಿಗೆ ಸುರಿದು ಸಾಕಿದ ಮೊಳಕಾಲೆತ್ತರದ ಕರಿಬೇವೇ ಅಲ್ಲಿನ ಅರಣ್ಯ. ಶ್ರಾವಣದ ಒಂದು ಬೆಳಿಗ್ಗೆ ಕಪ್ಪು ರೆಕ್ಕೆಗೆ ಹಳದಿ ಚುಕ್ಕೆಯ ಚಿಟ್ಟೆಯೊಂದು ಕುಂಡದ ತುಳಸಿಯನ್ನೂ ದಾಸವಾಳವನ್ನೂ ಕಾಲಿನಿಂದ ಮುಟ್ಟಿ, ತಿರಸ್ಕರಿಸಿ (ಚಿಟ್ಟೆಗೆ ರುಚಿ ತಿಳಿಯುವುದು ಪಾದಗಳಲ್ಲಂತೆ), ಕೊನೆಗೆ ಈ ಗಿಡದ ಎಳೆ ಎಲೆಗೊಂದರಂತೆ ಮುತ್ತಿನಂಥ ಮೊಟ್ಟೆ ಅಂಟಿಸಿ ಗೋಡೆ ದಾಟಿತು. ಹಿಂದಿರುಗಿ ನೋಡಲಿಲ್ಲ. ಎಂಥ ಕೋಲ್ಡ್ ಮದರ್ ಎಂದುಕೊಂಡೆ.

ಕೆಲವು ದಿನಗಳಲ್ಲಿ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆ ಕಂಡಿತು. ಹಾಸ್ಟೆಲಿನಲ್ಲಿ ಪ್ರತಿ ಶನಿವಾರ ಕ್ರೋಟನ್ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಬೆಳೆದವಳು ನಾನು. ಕನ್ನಡಕವಿಲ್ಲದೆಯೇ ಪರಮ ಶ್ರದ್ಧೆಯಿಂದ ಒರೆಸಿದೆ. ಕೊನೆಯ ಎಲೆಯ ಹಿಕ್ಕೆ ನಡೆಯತೊಡಗಿತು! ಹಕ್ಕಿಯಿಂದ ಪಾರಾಗಲು ಮರಿಹುಳು ಹಕ್ಕಿಯ ವಿಸರ್ಜನೆಯ ವೇಷವನ್ನೇ ತೊಡುತ್ತದೆ. ವೆರಿ ಕ್ಲೆವರ್, ಆದರೆ ಪ್ರಕೃತಿ ಕಾನ್ವೆಂಟ್ ಶಿಕ್ಷಣವನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ. ಮರಿಹುಳುಗಳನ್ನು ಕೊಲ್ಲುವ ಇರುವೆ, ಜೇಡ, ಕಣಜಗಳ ಪಂಕ್ತಿಯಲ್ಲಿ ನನಗೂ ಒಂದು ಮಣೆ. ಉಳಿದದ್ದು ಒಂದೇ ಹುಳು. ಅದರ ಕಾವಲಿಗೆ ನಿಂತವಳೂ ನಾನೇ. ಗಿಡ ಮುಟ್ಟಬಾರದೆಂದು ಮನೆಗೆಲ್ಲ ಆಜ್ಞೆಯಾಯಿತು.

ಹುಳು ಹಸಿರಾಗಿ ದಪ್ಪವಾಯಿತು, ಗಿಡ ಬೋಳಾಯಿತು. ಅಷ್ಟರಲ್ಲಿ ಕಾಶಿಬಾಯಿಯ ಮೊಮ್ಮಗಳು ಭಾಗ್ಯ ಕಲಬುರಗಿಯ ಹಾಸ್ಟೆಲಿಗೆ ಹೊರಟು ನಿಂತಳು.

“ಯಕ್ಕಾ, ಪೋರಿ ನಾಳಿ ಹೊಂಟಾಳ. ಮನಿ ಕರಿಬೇವಿಲ್ದೆ ಚಟ್ನಿಪುಡಿ ಹ್ಯಾಂಗ ಕಳಸಲಿ? ಹುಳಕ್ಕ ಗಿಡಾನ ಬರಕೊಟ್ಟೀರೇನು?”

“ಇನ್ನೆರಡ ದಿನ ತಡಿ ಕಾಶಿ. ಉಳಿದ ಎಲಿ ತಿಂದ್ರ ಗೂಡು ಕಟ್ತದ. ಈಗ ಕಿತ್ರ ಸಾಯ್ತದ.”

“ನಿಮ್ಮ ಇಂಗ್ಲಿಷ್ ಹುಳಕ್ಕ ಊಟ, ನನ್ನ ಮೊಮ್ಮಗಳಿಗಿ ಉಪಾಸ! ಭಾಳ ಛೊಲೋ ನ್ಯಾಯ ಬಿಡ್ರಿ!”

ಕೈ ಚಾಚಿಯೇ ಬಿಟ್ಟಳು. ಹುಳು ತಲೆಯೆತ್ತಿ ಎರಡು ಕಿತ್ತಳೆ ಕೋಡುಗಳನ್ನು ಹೊರಚಾಚಿ ಘಾಟು ವಾಸನೆ ಬಿಟ್ಟಿತು.

“ಅಯ್ಯ ಇದರ! ಮಜ್ಜಿಗಿ ಹಾಕಿ ಸಾಕಿದಾಕಿಗೇ ಕೋಡು ತೋರಸ್ತದಲ್ಲ!” ಎಂದು ನಕ್ಕು, ಬೈಯುತ್ತಲೇ ಪೇಟೆಗೆ ಹೋಗಿ ಎಲೆ ತಂದು ಪುಡಿ ಕುಟ್ಟಿದಳು.

ಮರುದಿನ ಭಾಗ್ಯ ಆಟೋದಿಂದ ಕತ್ತು ಹೊರಗೆ ಹಾಕಿ ಕೈಬೀಸುತ್ತಿದ್ದರೆ ಕಾಶಿಬಾಯಿ ಬೆನ್ನು ತಿರುಗಿಸಿ ಗಿಡದತ್ತ ಬಾಗಿದ್ದಳು. ‘ಒಮ್ಮೆ ನೋಡೇ’ ಎನ್ನಲು ಗಿಡದ ಆಚೆ ಬದಿಗೆ ಹೋದೆ. ಚಿತ್ತಾಪುರದಿಂದ ನನ್ನನ್ನು ಕಾನ್ವೆಂಟಿಗೆ ಬಿಡಲು ಬಂದ ನನ್ನ ಅವ್ವನೂ ಹಾಸ್ಟೆಲಿನ ಮಂಚ, ಕಿಟಕಿ, ಚಿಲಕಗಳನ್ನೆಲ್ಲ ಕೈಯಿಂದ ಮುಟ್ಟಿ ನೋಡಿ, ಕೊಡದ ನೀರು ಕುಡಿದು ನೋಡಿ, ಗೇಟಿನತ್ತ ನಡೆದುಹೋಗಿದ್ದಳು. ಹಿಂದಿರುಗಿ ನೋಡಲಿಲ್ಲ. ಆ ಬೆನ್ನಿನ ಮೇಲೆ ನಾನು ಎಷ್ಟೋ ವರ್ಷ ಸಿಟ್ಟಾಗಿದ್ದೆ. ಬೆನ್ನಿಗೊಂದು ಮುಖವೂ ಇರುತ್ತದೆಂದು ಹೊಳೆದಿರಲಿಲ್ಲ. ಕಾಶಿಬಾಯಿಯ ಆ ಮುಖ ಈಗ ನನ್ನ ಎದುರಿಗೇ ಇತ್ತು.

“ಎಲಿ ಸಾಲ್ತಾವೇನ್ರಿ ಯಕ್ಕಾ?” ಸೆರಗಿನಿಂದ ಮೂಗೊರೆಸುತ್ತ ಕೇಳಿದಳು.

“ಸಾಲ್ತಾವ,” ಎಂದೆ.

ಸಾಲಿದವು. ಇಂದು ಬೋಳು ಕಾಂಡಕ್ಕೆ ನೂಲಿನ ನಡುಪಟ್ಟಿ ಕಟ್ಟಿಕೊಂಡ ಕೋಶವೊಂದು ಒರಗಿದೆ. ಮಧ್ಯಾಹ್ನ ರೊಟ್ಟಿಗೆ ಹಾಕಿಕೊಂಡ, ಭಾಗ್ಯಳ ಪಾಲಿನಿಂದ ಮಿಕ್ಕ ಚಟ್ನಿಪುಡಿಯಲ್ಲಿ ಕುಟ್ಟಾಣಿಗೆ ಸಿಗದೆ ಉಳಿದ ಎಲೆಯೊಂದಿತ್ತು. ಅಭ್ಯಾಸಬಲದಿಂದ ಅಂಚಿಗೆ ಸರಿಸಿದೆ; ಮತ್ತೆ ಒಳಗೆಳೆದು ಅಗಿದೆ. ತುಸು ಕಹಿ. ಆದರೂ ಆ ಚಿಟ್ಟೆಯ ಆಯ್ಕೆಯನ್ನು ಆಕ್ಷೇಪಿಸುವಂತಿಲ್ಲ.