ಅರ್ತ್ ವೈರಿನ ಗಂಟು

ಇಲೋಯಿಲೊ ಪಟ್ಟಣದ ಆ ಹಳೇ ಮಾಲ್‌ನಲ್ಲಿ ತಣ್ಣನೆ ಗಾಳಿ ಬೀಸಿದ್ದೆಲ್ಲ ಡೆಲ್ಫಿನ್ ಪಲ್ಮಾರೆಸ್ ಕೈಯಿಂದ. ಏಸಿ ಯಂತ್ರಗಳನ್ನು ಬೇರೆಯವರು ಕೂರಿಸಿದರು. ಅವುಗಳಿಗೆ ಬುದ್ಧಿ ಹೇಳುವ ಕಂಟ್ರೋಲ್ ಬೋರ್ಡುಗಳಿಗೆ ವೈರ್ ಎಳೆದವನು ಇವನು. ಆದರೆ ಈಚೆಗೆ ಹಾಳು ಕಣ್ಣು ಕೈಕೊಟ್ಟಿತ್ತು. ಕೆಂಪು ವೈರೂ ಕಪ್ಪು ವೈರೂ ಒಂದೇ ಕೆಸರಿನ ಬಣ್ಣ. ಗೊತ್ತಾದರೆ ಬೋರ್ಡುಗಳಿರುವ ಪ್ಯಾನಲ್ ಪೆಟ್ಟಿಗೆ ಮುಟ್ಟಲು ಬಿಡುವುದಿಲ್ಲವೆಂದು ಹೆಂಡತಿಯ ಮುಂದೂ ಬಾಯಿ ಬಿಟ್ಟಿರಲಿಲ್ಲ.

ಹೇಗೋ ನಡೆಯುತ್ತಿತ್ತು. ಅವನ ತಂಡದಲ್ಲಿ ಮೊದಲಿಂದಲೂ ಒಂದು ಪದ್ಧತಿ: ಟ್ರಾನ್ಸ್‌ಫಾರ್ಮರಿನಿಂದ ಬರುವ ಎರಡು ವೈರುಗಳಲ್ಲಿ ಅರ್ತ್‌ಗೆ ಸೇರಿದ್ದಕ್ಕೆ ಒಂದು ದಾರದ ಗಂಟು. ಡೆಲ್ಫಿನ್ ಬೆರಳಲ್ಲೇ ನೋಡುತ್ತಿದ್ದ.

ಅವತ್ತು ಬೆಳಿಗ್ಗೆ, ಅಂಗಡಿಗಳು ತೆರೆಯುವ ಮೊದಲು, ಸಿನಿಮಾ ಮಂದಿರದ ಪ್ಯಾನಲ್‌ಗೆ ಹೊಸ ಬೋರ್ಡು ಸೇರಿಸಬೇಕಿತ್ತು. ಹಳೇ ಬೋರ್ಡಿಗೂ ಹೊಸದಕ್ಕೂ ಒಂದೇ ಟ್ರಾನ್ಸ್‌ಫಾರ್ಮರ್. ಒಂದರಲ್ಲಿ ವೈರ್ ಅದಲುಬದಲಾದರೂ ಕರೆಂಟು ನೇರ ಅರ್ತ್‌ಗೆ ನುಗ್ಗುತ್ತದೆ. ಬೆರಳಿಗೆ ಗಂಟು ಸಿಕ್ಕಿತು. ಆ ವೈರನ್ನು ಬೋರ್ಡಿನ ಅರ್ತ್‌ಗೆ ಬಿಗಿದ. ಸ್ವಿಚ್ ಒತ್ತಿದ.

ಚಟ್ ಎಂದಿತು. ಎರಡೂ ಬೋರ್ಡು ಸುಟ್ಟು, ಟ್ರಾನ್ಸ್‌ಫಾರ್ಮರ್ ಹೊಗೆಯಾಡಿತು.

ಜೊತೆಗಾರ ಎರ್ನಿಂಗ್ ಏಣಿಯಿಂದ ಧುಮುಕಿದ. ಅಣ್ಣ ಎನ್ನುವಂತೆ ಅವನು ಡೆಲ್ಫಿನ್‌ನನ್ನು ನೋಂಗ್ ಎನ್ನುತ್ತಿದ್ದ. "ನೋಂಗ್! ಕೆಂಪು ವೈರ್ ತಗೊಂಡೋಗಿ ಅರ್ತ್‌ಗೆ ಹಾಕಿದೀರಲ್ಲ!"

"ಗಂಟಿತ್ತು ಕಣೋ."

"ಹೋದ್ವಾರ ಸೆಬು ಊರಿಂದ ಬೇರೆ ತಂಡದೋರು ಬಂದಿದ್ರಲ್ಲ, ಅವ್ರು ಕಟ್ಟಿದ್ದು. ಅವ್ರು ಕರೆಂಟಿರೋ ವೈರ್‌ಗೆ ಕಟ್ತಾರೆ. ಗಂಟು ಹಾಳಾಗ್ಲಿ, ಬಣ್ಣ ಕಾಣ್ಲಿಲ್ವಾ? ಹುಂಜದ ಜುಟ್ಟಿನ್ ಥರ ಕೆಂಪಗಿದೆ!"

ಡೆಲ್ಫಿನ್ ಬೆರಳಿಂದ ಮತ್ತೆ ಗಂಟು ತಡಕಿದ. ಎರ್ನಿಂಗ್ ಅವನ ಮುಖವನ್ನೇ ನೋಡಿದ. ಕೆಳಗೆ ಬಿದ್ದಿದ್ದ ಎರಡು ತುಂಡು ವೈರ್ ಹೆಕ್ಕಿ ಮುಂದೆ ಹಿಡಿದ.

"ಕೆಂಪ್ಯಾವ್ದು ಹೇಳಿ, ನೋಂಗ್."

ಡೆಲ್ಫಿನ್ ಒಂದನ್ನು ಮುಟ್ಟಿದ. ಎರ್ನಿಂಗ್ ಮುಷ್ಟಿ ಮುಚ್ಚಿದ. ತುಂಡುಗಳನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಮೆತ್ತಗೆ, "ಸೆಬುನೋರ ಗಂಟು ಅಂತ ಹೇಳೋಣ. ಸುಳ್ಳೇನಲ್ವಲ್ಲ," ಅಂದ.

"ಹೇಳ್ಬೋದು. ನಾಳೆ ಮತ್ತೆ ನಾನೇ ಪ್ಯಾನಲ್ ತೆಗೀತೀನಿ. ಇವತ್ತು ಇಪ್ಪತ್ನಾಲ್ಕು ವೋಲ್ಟು, ಬೋರ್ಡು ಸುಟ್ತು. ನಾಳೆ ಮೇನ್ ಲೈನಲ್ಲಿ ನಿನ್ ಕೈ ಇದ್ರೆ? ನಿನ್ನ ಹೆಂಡ್ತಿಗೆ ನಾನೇನಂತ ಹೇಳ್ಲಿ, ಕತ್ತೆ?"

ಡೆಲ್ಫಿನ್ ತಾನೇ ಮೇಲ್ವಿಚಾರಕರ ಕೋಣೆಗೆ ಹೋಗಿ ಕಣ್ಣಿನ ವಿಷಯ ಹೇಳಿ ಬಂದ. ಅವರು ಬೈಯಲಿಲ್ಲ. ಬೈದಿದ್ದರೆ ಇವನೂ ತಿರುಗಿಸಿ ನಾಲ್ಕು ಬೈದು ಹಗುರಾಗುತ್ತಿದ್ದ. ಪಾಪ ಎಂದರು, ಕುರ್ಚಿ ಕೊಟ್ಟರು, ಏಸಿಗಳ ಫಿಲ್ಟರ್ ತೊಳೆಯುವ ಕೆಲಸ ಕೊಟ್ಟರು.

ಈಗ ಡೆಲ್ಫಿನ್ ತಾರಸಿಯ ಮೇಲೆ ಪೈಪು ಹಿಡಿದು ದೂಳು ತೊಳೆಯುತ್ತಾನೆ. ಮೊದಮೊದಲು ಎರ್ನಿಂಗ್ ಊಟದ ಹೊತ್ತಿಗೆ ಮೇಲೆ ಬಂದು, "ನೋಂಗ್, ಆ ಪ್ಯಾನಲ್‌ಗೆ ವೈರ್ ಹ್ಯಾಗೆ ಎಳೀಲಿ?" ಎಂದು ಕೇಳುತ್ತಿದ್ದ. ಡೆಲ್ಫಿನ್ ಅನ್ನ ಪಕ್ಕಕ್ಕಿಟ್ಟು, ಒದ್ದೆ ನೆಲದ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸುತ್ತಿದ್ದ. ಬರಬರುತ್ತ ಎರ್ನಿಂಗ್ ಕೈ ಪಳಗಿತು. ಮೇಲೆ ಬರುವುದು ನಿಂತಿತು.