ಕಾರಣ ಹೇಳದೆ ಹಂಚಿದ ಚಾಕಲೇಟು

ಆ ಸೋಮವಾರ ಬೆಳಿಗ್ಗೆ ನಮ್ಮ ಕಂಪನಿಯ ಒಡತಿ ಬಿಸೆರಾ ತೊಪಾಲೊವಾ ದೊಡ್ಡ ಚಾಕಲೇಟು ಡಬ್ಬಿ ಹಿಡಿದುಕೊಂಡು ಆಫೀಸಿಗೆ ಬಂದಳು. ಒಬ್ಬೊಬ್ಬರ ಮೇಜಿಗೂ ಹೋಗಿ ಡಬ್ಬಿ ಚಾಚಿದಳು. ನಮ್ಮ ಸ್ತಾರಾ ಝಗೋರಾ ಊರಿನಲ್ಲಿ ಸಿಹಿ ಹಂಚಿದವರು ಕಾರಣ ಹೇಳಲೇಬೇಕು. ಮೊಮ್ಮಗ ನಡೆಯಲು ಕಲಿತ, ಕಾರು ಕೊಂಡೆ, ಕೊನೆಗೆ ಬೆನ್ನುನೋವು ಬಿಟ್ಟಿತು ಅಂತಲಾದರೂ ಹೇಳಬೇಕು. ಲೆಕ್ಕ ನೋಡುವ ಗಿಂಕಾ, ಏನು ವಿಶೇಷ ಎಂದು ಕೇಳಿದಳು.

"ಸುಮ್ನೆ," ಎಂದಳು ಬಿಸೆರಾ.

ಸುಮ್ಮನೆಯಂತೆ! ಮೂವತ್ತೈದು ವರ್ಷಗಳಿಂದ ಈ ಹೆಂಗಸನ್ನು ಬಲ್ಲೆ. ಸುಮ್ಮನೆ ಒಂದು ಲೋಟ ನೀರನ್ನೂ ಕೊಟ್ಟವಳಲ್ಲ.

ನಾವಿಬ್ಬರೂ ಮೊದಲು ಊರಿನ ಕಂಪ್ಯೂಟರ್ ಡಿಸ್ಕ್ ಕಾರ್ಖಾನೆಯಲ್ಲಿದ್ದವರು. ಅದು ಬಾಗಿಲು ಹಾಕಿದಾಗ ನಾನು ಟ್ಯಾಕ್ಸಿ ಓಡಿಸಿದೆ, ಅವಳು ಶಾಲೆಯಲ್ಲಿ ಗಣಿತ ಹೇಳಿಕೊಟ್ಟಳು. ನಲವತ್ತೇಳನೇ ವಯಸ್ಸಿನಲ್ಲಿ, ಆಲೂಗಡ್ಡೆ ಚೀಲ ಹೊತ್ತು ಎಂಟನೇ ಮಹಡಿಗೆ ಹತ್ತುವಾಗ, ಕೆಟ್ಟು ನಿಂತ ಲಿಫ್ಟಿನ ಮೇಲೆ ಅವಳಿಗೆ ಕೆಂಡದಂಥ ಸಿಟ್ಟು ಬಂತು. ಲಿಫ್ಟು ಕೆಡುವ ಮೊದಲೇ ರಿಪೇರಿಯವರಿಗೆ ಸುದ್ದಿ ಮುಟ್ಟಿಸುವ ಸಾಫ್ಟ್‌ವೇರ್ ಮಾಡೋಣ ಬಾ ಎಂದು ನನ್ನನ್ನು ಟ್ಯಾಕ್ಸಿಯಿಂದ ಎಳೆದು ತಂದಳು. ಗ್ಯಾರೇಜಿನಲ್ಲಿ ಶುರುವಾದ ಕಂಪನಿಯಲ್ಲಿ ಆ ಹೊತ್ತಿಗೆ ಹನ್ನೊಂದು ಜನ ಕೆಲಸ ಮಾಡುತ್ತಿದ್ದೆವು. ಹೊಸಬರನ್ನು ಅವಳು ಮೊದಲ ವಾರ ಕಂಪ್ಯೂಟರ್ ಮುಟ್ಟಲು ಬಿಡುತ್ತಿರಲಿಲ್ಲ. ರಿಪೇರಿಯವರ ಜೊತೆ ಲಿಫ್ಟಿನ ಗುಂಡಿಗೆ ಇಳಿಸುತ್ತಿದ್ದಳು. ಗ್ರೀಸು ಮೆತ್ತಿಕೊಂಡು ಬಂದವರಿಗೆ ತಾನೇ ಮಾಡಿದ ಚೀಸಿನ ಬಾನಿತ್ಸಾ ಬಿಸಿಬಿಸಿಯಾಗಿ ಬಡಿಸುತ್ತಿದ್ದಳು. ಬೈದರೂ ಎದುರಿಗೇ ಬೈಯುವವಳು, ಮುಚ್ಚುಮರೆ ಅವಳಿಗೆ ಗೊತ್ತಿರಲಿಲ್ಲ. ಅದಕ್ಕೇ ‘ಸುಮ್ನೆ’ ಎಂಬ ಆ ಒಂದು ಮಾತು ನನಗೆ ಜೀರ್ಣವಾಗಲಿಲ್ಲ.

ಯೋಚಿಸಿದಂತೆಲ್ಲ ಒಂದೊಂದೇ ಹೊಳೆಯತೊಡಗಿತು. ತಂಗಿಗೆ ಹುಷಾರಿಲ್ಲವೆಂದು ಹಿಂದಿನ ತಿಂಗಳು ಎರಡು ಸಲ ರಾಜಧಾನಿ ಸೋಫಿಯಾಕ್ಕೆ ಹೋಗಿದ್ದಳು. ಯಾವುದೋ ನೆಪ ಮಾಡಿಕೊಂಡು ಆ ತಂಗಿಯ ಗಂಡನಿಗೆ ಫೋನ್ ಮಾಡಿದೆ. ಹೆಂಡತಿ ಗುಂಡುಕಲ್ಲಿನ ಹಾಗಿದ್ದಾಳೆ ಎಂದ. ಅದೇ ತಿಂಗಳು ನಾನು ಮಾಡಿದ ಪ್ರೋಗ್ರಾಮಿನ ಯಾವ ಭಾಗ ಹೇಗೆ ನಡೆಯುತ್ತದೆಂದು ನನ್ನೊಬ್ಬನ ಕೈಯಲ್ಲೇ ಬರೆಸಿಕೊಂಡಿದ್ದಳು. ಸಾಲದ್ದಕ್ಕೆ ಗಿಂಕಾ ಬಂದು ಕಿವಿ ಕಚ್ಚಿದಳು: ಹೊರದೇಶದ ಕಂಪನಿಯ ಇಬ್ಬರು ಹಿಂದಿನ ತಿಂಗಳೇ ಒಂದು ಭಾನುವಾರ, ಯಾರೂ ಇಲ್ಲದ ಹೊತ್ತಿನಲ್ಲಿ, ಆಫೀಸು ನೋಡಿ ಹೋದರಂತೆ.

ಮಾರುತ್ತಿದ್ದಾಳೆ! ಮಾರಿದರೆ ಮೊದಲು ಬೀದಿಗೆ ಬೀಳುವವನು ಐವತ್ತೆಂಟರ ನಾನೇ. ಈ ವಯಸ್ಸಿನಲ್ಲಿ ಮತ್ತೆ ಟ್ಯಾಕ್ಸಿ ಹಿಡಿಯಲು ನನ್ನ ಮೊಣಕಾಲು ಒಪ್ಪುವುದಿಲ್ಲ.

ನೇರವಾಗಿ ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದರೆ ಕಣ್ಣಿಗೆ ಮಣ್ಣೆರಚುತ್ತಾಳೆ ಎಂದುಕೊಂಡೆ. ಅವಳು ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ. ಕೊನೆಗೆ ಗುಟ್ಟಾಗಿ ಪ್ಲೊವ್ಡಿವ್ ನಗರಕ್ಕೆ ಹೋಗಿ ಬೇರೊಂದು ಕಂಪನಿಯಲ್ಲಿ ಸಣ್ಣ ಕೆಲಸ ಗಿಟ್ಟಿಸಿಕೊಂಡೆ. ಕತ್ತು ಹಿಡಿದು ತಳ್ಳಿಸಿಕೊಳ್ಳುವ ಮೊದಲೇ ಹೊರಟೆನೆಂಬ ಜಂಬ ಬೇರೆ.

ರಾಜೀನಾಮೆ ಕೊಟ್ಟಾಗ ಬಿಸೆರಾ ಅದನ್ನು ಎರಡು ಸಲ ಓದಿದಳು. ಚೆನ್ನಾಗಿ ಯೋಚಿಸಿದ್ದೀಯಾ ಎಂದು ಕೇಳಿದಳು. ಹೌದೆಂದೆ. ಸಹಿ ಹಾಕಿದಳು. ತಡೆಯುವ ಮಾತೂ ಆಡಲಿಲ್ಲ. ನೋಡಿದೆಯಾ, ಪೀಡೆ ತೊಲಗಲೆಂದು ಕಾಯುತ್ತಿದ್ದಳು ಎಂದು ಗಿಂಕಾಳ ಮುಂದೆ ಹೇಳಿಕೊಂಡೆ.

ನನ್ನ ಕೊನೆಯ ದಿನ ಎಲ್ಲರನ್ನೂ ಕರೆದು, ಕಂಪನಿ ಮಾರಾಟವಾಯಿತು, ಯಾರ ಕೆಲಸವೂ ಹೋಗುವುದಿಲ್ಲ ಎಂದಳು. ಗೆದ್ದವನ ಹಾಗೆ ಅವಳ ಕೋಣೆಗೆ ನುಗ್ಗಿದೆ.

"ನಂಗೆ ಚಾಕಲೇಟು ಹಂಚಿದ ದಿನಾನೇ ಗೊತ್ತಿತ್ತು. ಮೊದ್ಲೇ ಮಾರಿಬಿಟ್ಟಿದ್ದೆ, ಅಲ್ವಾ?"

ಬಿಸೆರಾ ಎದ್ದು ಬಾಗಿಲು ಮುಚ್ಚಿದಳು.

"ಅವತ್ತಿಗೆ ಸೋಫಿಯಾದಲ್ಲಿ ಅವ್ರಿಗೆ ಮಾರಲ್ಲ ಅಂದು ಬಂದಿದ್ದೆ ರಾಡ್ಕೊ. ಉಳಿದ ಹತ್ತು ಜನಾನೂ ಇಟ್ಕೋತೀವಿ, ಆ ಮುದುಕ ಮಾತ್ರ ಬೇಡ ಅಂದ್ರು. ನಿನ್ನ ಕೆಲಸ ಎಂಥದ್ದು ಅಂತ ನೋಡ್ಲಿ ಅಂತಾನೇ ನಿನ್ನ ಕೈಲಿ ಬರೆಸ್ಕೊಂಡು ಹೋಗಿದ್ದೆ. ಆದ್ರೂ ಒಪ್ಲಿಲ್ಲ. ನಿಮ್ಮ ಸಹವಾಸಾನೇ ಬೇಡ ಅಂದು ಎದ್ದು ಬಂದೆ, ಮನಸ್ಸು ಹಗುರಾಗಿತ್ತು. ಆ ಖುಷೀನ ಎಲ್ಲರ ಮುಂದೆ ಹೆಂಗೆ ಹೇಳ್ಲಿ? ನಿನ್ನ ಮರ್ಯಾದೆ ಏನಾಗ್ತಿತ್ತು?"

ಹಾಗಾದರೆ ಈಗೇಕೆ ಒಪ್ಪಿದೆ ಎಂದು ತೊದಲಿದೆ.

"ನೀನೇ ಹೊರಟ್ಮೇಲೆ ಇನ್ಯಾರಿಗೋಸ್ಕರ ಹಟ ಹಿಡೀಲಿ?"