ಅಕ್ಕಿ ತುಂಬಿದ ದಿನ

ಅರವತ್ತರ ದಶಕದಲ್ಲಿ ನಮ್ಮ ಮಾವನವರಿಗೆ ಮೂರು ಹೋಟೆಲುಗಳಿದ್ದವು. ಕೊಳ್ಳೇಗಾಲದ್ದು ಹಳೆಯದು, ಆಮೇಲೆ ಯಳಂದೂರಿನದು, ಕೊನೆಗೆ ಹನೂರಿನದು. ಮೂರರಲ್ಲೂ ಮೇಜು ಕುರ್ಚಿ ಇರಲಿಲ್ಲ. ಬಂದವರು ಕಾಲು ತೊಳೆದು ಮಣೆ ಮೇಲೆ ಕೂರಬೇಕು, ಮನೆಯ ಹೆಂಗಸರೇ ಉಪಚಾರ ಹೇಳಿ ಬಡಿಸಬೇಕು. ಹೋಟೆಲು ಅನ್ನಿಸಬಾರದು, ನೆಂಟರ ಮನೆ ಅನ್ನಿಸಬೇಕು ಎಂಬುದು ಮಾವನವರ ಹಟ. ಜನಕ್ಕೂ ಅದು ಹಿಡಿಸಿತ್ತು.

ಹನೂರಿನದನ್ನು ನನಗೂ ನನ್ನ ಯಜಮಾನರಿಗೂ ಬಿಟ್ಟುಕೊಟ್ಟಿದ್ದರು. ಮದುವೆಯಾಗಿ ಐದು ವರ್ಷ ಅತ್ತೆಯನ್ನು ಕೇಳದೆ ಒಂದು ಒಗ್ಗರಣೆಯನ್ನೂ ಹಾಕಿದವಳಲ್ಲ ನಾನು. ಹನೂರಿಗೆ ಬಂದ ಮೇಲೆ ನನಗಿಷ್ಟ ಬಂದಷ್ಟು ಬೆಳ್ಳುಳ್ಳಿ ಜಜ್ಜುತ್ತಿದ್ದೆ. ಆದರೆ ವ್ಯಾಪಾರ ಕುಂಟುತ್ತಿತ್ತು. ಅತ್ತೆ ಬಂದು ನೋಡಿ, ನಡೆಸುವುದೋ ಮುಚ್ಚುವುದೋ ಹೇಳುತ್ತಾರೆಂದು ಸುದ್ದಿ ಬಂತು. ಮುಚ್ಚಿದರೆ ನನಗೆ ಮತ್ತೆ ಕೊಳ್ಳೇಗಾಲದ ಅಡುಗೆಮನೆಯೇ ಗತಿ. ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ.

ಅಕ್ಕಿ ಕೊಳ್ಳೇಗಾಲದಿಂದ ಬಸ್ಸಿನ ಮೇಲೆ ಬರುತ್ತಿತ್ತು. ಅತ್ತೆ ಬರುವ ಹಿಂದಿನ ದಿನ ನಮ್ಮ ಡಬ್ಬ ತಳ ಕಂಡಿತು. ಅಕ್ಕಿ ಮುಗಿಯಿತು ಎಂದು ನಮ್ಮಲ್ಲಿ ಬಾಯಿಬಿಟ್ಟು ಹೇಳುವ ಹಾಗಿಲ್ಲ, ಅಪಶಕುನ. 'ತುಂಬಿದೆ' ಅನ್ನಬೇಕು. ನಾನೂ ಹಾಗೇ ಬಸ್ಸಿನ ಕಂಡಕ್ಟರಿಗೆ ಹೇಳಿದೆ: "ಅಕ್ಕಿ ತುಂಬೈತೆ ಅಂತ ನಮ್ಮತ್ತೆಗೆ ಯೋಳ್ಬುಡಿ." ಆತ ಪಾಲಾರಿನ ಕಡೆಯವನು, ಮನೆಮಾತು ತಮಿಳು. ಪಾಪ, ತಲೆಯಾಡಿಸಿದ.

ಮರುದಿನ ಬಸ್ಸಿಳಿದ ಅತ್ತೆಯ ಕೈಯಲ್ಲಿ ಸಾರಿನ ಪುಡಿಯ ಡಬ್ಬಿ ಮಾತ್ರ ಇತ್ತು. ಬಸ್ಸಿನ ಮೇಲೆ ನೋಡಿದೆ, ಅಕ್ಕಿ ಮೂಟೆ ಇರಲಿಲ್ಲ.

"ಅಕ್ಕಿ ಜಾಸ್ತಿ ಐತಂತೆ ಅಂದ ಕಂಡಕ್ಟ್ರು. ನಿನ್ ಮೂಟೆಯ ಯಳಂದೂರ್ಗೆ ಕಳುಸ್ಬುಟ್ಟೆ" ಎಂದರು ಅತ್ತೆ.

ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ, ಒಂದು ಸುದ್ದಿ ನೆಟ್ಟಗೆ ಹೇಳಿಕಳಿಸಲು ಬಾರದವಳು ಹೋಟೆಲು ನಡೆಸುತ್ತಾಳೆಯೇ ಎನ್ನುತ್ತಿದ್ದರು. ಯಜಮಾನರನ್ನು ಗುಟ್ಟಾಗಿ ಅಂಗಡಿಗೆ ಓಡಿಸಿದೆ. ಅಕ್ಕಿಗೆ ಪರದಾಡುವ ಕಾಲ ಅದು, ಬರಿಗೈಲಿ ಬಂದರು. ಡಬ್ಬದ ತಳದಲ್ಲಿ ಉಳಿದಿದ್ದಷ್ಟನ್ನೇ ಬೇಯಿಸಿದೆ. ಅತ್ತೆಯೋ ಬಾಗಿಲಲ್ಲಿ ಕೂತು ದಾರಿಹೋಕರನ್ನೆಲ್ಲ ಊಟಕ್ಕೆ ಕರೆಯುತ್ತಿದ್ದರು. ಎಂದೂ ಇಲ್ಲದ ಜನ ಅವತ್ತೇ ಬರಬೇಕೇ? ಎರಡನೇ ಪಂಕ್ತಿಯ ಆರನೆಯ ಎಲೆಗೇ ಸೌಟು ಪಾತ್ರೆಯ ತಳ ಕೆರೆಯಿತು. ಇನ್ನೂ ಏಳು ಜನ ಎಲೆಗೆ ನೀರು ಚಿಮುಕಿಸಿಕೊಂಡು ಕೂತಿದ್ದರು.

ಆಡಬಾರದ ಮಾತು ಎಲ್ಲರೆದುರಿಗೆ ಬಾಯಿಂದ ಬಂದೇಬಿಟ್ಟಿತು. "ಅತ್ತೆ, ಅಕ್ಕಿ ಇಲ್ಲ."

ಅವರು ನನ್ನ ಮುಖ ನೋಡಿದರು. ಬೈಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದು, ನಮ್ಮ ಪಾಲಿಗೆಂದು ಇಟ್ಟಿದ್ದ ರಾಗಿಹಿಟ್ಟನ್ನು ಎಸರಿಗೆ ಸುರಿದು ಮುದ್ದೆ ತಿರುವಿದರು. ಮನೆಯಲ್ಲಿ ದಿನವೂ ಮುದ್ದೆ ಉಣ್ಣುವವರು ಹೋಟೆಲಿಗೆ ಬರುವುದೇ ಅನ್ನದ ಆಸೆಗೆ. ಎದ್ದುಹೋಗುತ್ತಾರೆಂದು ಹೆದರಿ ನಾನು ಬಾಗಿಲ ಮರೆಯಲ್ಲಿ ನಿಂತೆ. ಅವರು ಎರಡೆರಡು ಸಲ ಸಾರು ಹಾಕಿಸಿಕೊಂಡು ಉಂಡರು. ನಾಳೆಯೂ ಇದನ್ನೇ ಮಾಡಿ ಎಂದರು ಒಬ್ಬರು.

ಸಂಜೆಯ ಬಸ್ಸಿಗೆ ಅತ್ತೆ ಹೊರಡಲಿಲ್ಲ. ಹೋಟೆಲು ಮುಚ್ಚುವ ಮಾತೇ ಇಲ್ಲ ಎಂದರು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಆಮೇಲೆ ಮಗನನ್ನು ಕರೆದರು.

"ನಾಳಿಕೆ ಓಗಿ ನನ್ ಟ್ರಂಕ ತಕಂಡ್ ಬಾಪ್ಪ. ಇವಳೊಬ್ಳೇ ಎಲ್ಲೀಗಂಟ ಮಾಡಾಳು?"

ಆಗಲಿ ಅತ್ತೆ ಎಂದೆ. ಮಾರನೆಯ ಬೆಳಿಗ್ಗೆ ಸಾರಿಗೆ ಉಪ್ಪು ಹಾಕುವ ಮುಂಚೆ, ಎಷ್ಟು ಎಂದು ಅವರನ್ನು ಕೇಳಿದೆ.